ಒದ್ದೆ ಟವೆಲ್ ಸ್ಟೈಲು

ಕಾಲೇಜಿನಲ್ಲಿ ನಾನು ಪಾಠಕ್ಕಿಂತ ಹೆಚ್ಚಾಗಿ ಪಾಠ ಮಾಡುವವರನ್ನೇ ಕಲಿತವಳು. ಯಾರು ಹೇಗೆ ನಡೆಯುತ್ತಾರೆ, ಎಲ್ಲಿ ಕೆಮ್ಮುತ್ತಾರೆ, ಉತ್ತರ ಗೊತ್ತಿಲ್ಲದಾಗ ಯಾವ ಕಿವಿ ಕೆರೆದುಕೊಳ್ಳುತ್ತಾರೆ ಎಂಬುದೆಲ್ಲ ನನಗೆ ಬಾಯಿಪಾಠವಲ್ಲ, ಮೈಪಾಠ. ಈಗ ಅದೇ ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ಕೆಲಸ. ನನ್ನನ್ನೇ ಅಣಕಿಸುವ ಹುಡುಗಿಯರೂ ಇದ್ದಾರಂತೆ. ಇರಲಿ, ನನಗೆ ಬೇಕಾದ್ದೇ.

ನಮ್ಮೂರ ಸರ್ಫಿಂಗ್ ಕ್ಲಬ್ಬಿನ ವಾರ್ಷಿಕ ಕೂಟದಲ್ಲಿ ನನ್ನದೊಂದು ಅಣಕಿನ ಐಟಂ ಇದ್ದೇ ಇರುತ್ತದೆ. ನಿಜವಾದ ಅಲೆಯ ಮೇಲೆ ಎರಡು ಸೆಕೆಂಡು ನಿಲ್ಲುವುದಕ್ಕೂ ನನಗೆ ಬರುವುದಿಲ್ಲ. ಆದರೆ ಊಟದ ಮೇಜಿನ ಮೇಲೆ ಹತ್ತಿದರೆ ನಮ್ಮ ದಡದ ಐವತ್ತು ವರ್ಷಗಳನ್ನು ನಿಂತು ತೋರಿಸಬಲ್ಲೆ.

ಮೊದಲು ಕೊಕ್ಕರೆ; ನಮ್ಮ ಹಳಬರಿಗೆಲ್ಲ ಅವರವರ ಸವಾರಿಯಿಂದ ಬಂದ ಅಡ್ಡಹೆಸರುಗಳು. ಅವನ ಕಾಲದ ಬೋರ್ಡು ಒಂಬತ್ತೂವರೆ ಅಡಿ, ಎತ್ತುವುದಕ್ಕೆ ಇಬ್ಬರು ಬೇಕು. ಅಷ್ಟು ದೊಡ್ಡದು ಬೇಗ ತಿರುಗುವುದಿಲ್ಲವಾದ್ದರಿಂದ ಅದರ ಮೇಲೆ ಮನುಷ್ಯನೇ ಓಡಾಡಬೇಕಿತ್ತು. ಕೊಕ್ಕರೆ ಒಂದು ಪಾದದ ಮುಂದೆ ಇನ್ನೊಂದನ್ನು ಅಡ್ಡ ಇಡುತ್ತ ತುದಿಯವರೆಗೆ ನಡೆದುಹೋಗಿ, ಹತ್ತೂ ಬೆರಳನ್ನು ಅಂಚಿನಾಚೆ ಇಳಿಬಿಟ್ಟು, ಬಸ್ಸಿಗೆ ಕಾಯುವವನ ಹಾಗೆ ಗದ್ದ ಎತ್ತಿ ನಿಲ್ಲುತ್ತಿದ್ದ. ಆಮೇಲೆ ಇಸ್ತ್ರಿ. ಬೋರ್ಡು ಏಳಡಿಗೆ ಇಳಿದಿತ್ತು, ಅಡಿಯಲ್ಲಿ ಮೀನಿನ ರೆಕ್ಕೆಯಂಥ ಒಂದೇ ದೊಡ್ಡ ಫಿನ್ನು. ಮಂಡಿ ಬಗ್ಗಿಸಿ, ಎಡಗೈ ಮುಂದೆ ಚಾಚಿ, ಅವಸರವಿಲ್ಲದ ಉದ್ದುದ್ದ ತಿರುವುಗಳಲ್ಲಿ ಅವನು ಹೋದರೆ ಅಲೆಯ ಸುಕ್ಕೆಲ್ಲ ಹೋಯಿತು ಅನ್ನಬೇಕು. ಕೊನೆಗೆ ಚಾಕು. ಆರಡಿಯ ತೆಳ್ಳನೆ ಬೋರ್ಡು, ಮೂರು ಫಿನ್ನು. ಸರಕ್ಕನೆ ಮೇಲೆ, ಸರಕ್ಕನೆ ಕೆಳಗೆ, ಅಲೆ ಅವನ ಕಾಲರ್ ಹಿಡಿದಿದೆಯೇನೋ ಎಂಬಂಥ ಸಿಟ್ಟು. ಮೂವರ ನಿಲುವೂ ಬೇರೆ, ಎರಡೂ ಅರ್ಥದಲ್ಲಿ. ಚಾಕು ಸವಾರಿ ಮಾಡಲ್ಲ, ಜಗಳ ಆಡ್ತಾನೆ ಎಂದು ಕೊಕ್ಕರೆಯ ದೂರು. ಕೊಕ್ಕರೆ ಸರ್ಫ್ ಮಾಡಲ್ಲ, ವಾಕಿಂಗ್ ಹೋಗ್ತಾನೆ ಎಂದು ಚಾಕುವಿನ ಉತ್ತರ.

ನನ್ನ ಮೆಚ್ಚಿನವನು ಇಸ್ತ್ರಿ. ಅವನು ನನ್ನ ಸೋದರಮಾವ ಎಂಬ ಕಾರಣಕ್ಕಲ್ಲ ಎಂದು ಹೇಳಿದರೆ ಯಾರೂ ನಂಬುವುದಿಲ್ಲ, ನಾನೂ ಸೇರಿ. ಕ್ಲಬ್ಬಿನ ಬೋರ್ಡುಗಳನ್ನೆಲ್ಲ ಮಾಡುವವನೂ ಮಾಮನೇ.

ಈ ವರ್ಷ ನಾಲ್ಕನೆಯದೊಂದು ಸೇರಿಸಿದೆ: ಹೊಸ ಇಸ್ತ್ರಿ. ಕೆಲವು ತಿಂಗಳಿಂದ ಮಾಮನ ಸವಾರಿ ಬದಲಾಗಿತ್ತು. ಮುಂದೆ ಚಾಚುತ್ತಿದ್ದ ಎಡಗೈ ಈಗ ಪಕ್ಕದಲ್ಲಿ ಜೋತುಬಿದ್ದಿರುತ್ತಿತ್ತು. ತಿರುವಿನಲ್ಲಿ ಎಡ ಮಂಡಿ ಕುಸಿದು, ಏನೂ ಆಗಿಲ್ಲವೆಂಬಂತೆ ಮತ್ತೆ ಏಳುತ್ತಿತ್ತು. ನಾನು ಮೇಜಿನ ಮೇಲೆ ಅದನ್ನೇ ಮಾಡಿ, ಅವನು ನನ್ನನ್ನು ಕರೆಯುವ ದನಿಯಲ್ಲಿ "ಬಾ ಕೋತಿ, ಬೋರ್ಡು ಹಿಡಿ" ಎಂದೆ. ಹಾಲ್ ಬಿದ್ದು ಬಿದ್ದು ನಕ್ಕಿತು. "ಇದು ಒದ್ದೆ ಟವೆಲ್ ಸ್ಟೈಲು ಕಣ್ರೋ" ಎಂದು ಚಾಕು ಕೂಗಿದ. ಎಲ್ಲರಿಗಿಂತ ಜೋರಾಗಿ ನಕ್ಕವನು ಮಾಮ. ನಕ್ಕು ಕರ್ಚೀಫಿನಿಂದ ಬಾಯಿಯ ಎಡತುದಿ ಒರೆಸಿಕೊಂಡ.

ಮುಂದಿನ ವಾರವೇ ದಡದಲ್ಲಿ ಕಲಿಯುವ ಮಕ್ಕಳೆಲ್ಲ ಎಡಗೈ ಇಳಿಬಿಟ್ಟು ಅಲೆ ಹತ್ತುತ್ತಿದ್ದರು.

"ಬೋರ್ಡು ಬದಲಾದಾಗೆಲ್ಲ ಸ್ಟೈಲು ಬದಲಾಗಿದೆ," ಎಂದ ಮಾಮ. "ಈ ಸಲ ಬೋರ್ಡು ಅದೇ ಇದೆ, ನಾನು ಬದಲಾದೆ. ಅದಕ್ಕೇನೀಗ."

ಕ್ಲಬ್ಬು ನಂಬಿತು. ನಮ್ಮಲ್ಲಿ ಯಾರಾದರೂ ಒಂದೇ ಥರ ಎರಡು ಸಲ ಬಿದ್ದರೆ ಸಾಕು, ಅದಕ್ಕೊಂದು ಹೆಸರಿಟ್ಟು ಸ್ಟೈಲು ಅಂದುಬಿಡುತ್ತೇವೆ.

ಆಮೇಲೆ ಬಂತು ಹಳೇ ಬೋರ್ಡುಗಳ ಭಾನುವಾರ. ಅವತ್ತು ಎಲ್ಲರೂ ತಮ್ಮ ಕಾಲದ ಬೋರ್ಡನ್ನೇ ತೆಗೆದುಕೊಂಡು ಹೋಗಬೇಕು, ಆ ಕಾಲದ ಹಾಗೇ ಹೋಗಬೇಕು. ಅಂದರೆ ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ ಇರಕೂಡದು. ಬಿದ್ದರೆ ಬೋರ್ಡು ಹೋಯಿತು, ಈಜಿಕೊಂಡೇ ದಡ ಸೇರಬೇಕು. ನನಗೆ ದಡದ ಮೇಲೆ ಅದೇ ನಾಲ್ಕು ಐಟಂ ಮಾಡಲು ಹೇಳಿದ್ದರು. ಹಾಗಾಗಿ ಶನಿವಾರ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತೆ.

ನಾನು ಯಾರನ್ನೇ ಅಣಕಿಸಲಿ, ಮುಖದಿಂದ ಶುರುಮಾಡುವುದಿಲ್ಲ. ಮೈಭಾರ ಎಲ್ಲಿ ಕೂತಿದೆ ಎಂದು ಹುಡುಕುತ್ತೇನೆ. ಅದು ಸಿಕ್ಕರೆ ಮುಖ ತಾನಾಗಿ ಬರುತ್ತದೆ. ಕೂಟದಲ್ಲಿ ನಗಿಸುವ ಉಮೇದಿನಲ್ಲಿ ಕೈಯನ್ನು ನಾನೇ ಕೆಳಗೆ ಹಾಕಿದ್ದೆ. ಈಗ ಹಾಗೆ ಮಾಡಿದರೆ ನಾಟಕದಂತೆ ಕಂಡಿತು. ಮತ್ತೆ ಮತ್ತೆ ಮಾಡಿದೆ. ಕೈ ನನ್ನದೆಂಬುದನ್ನೇ ಮರೆತಾಗ ಮಾತ್ರ ಅದು ಮಾಮನ ಕೈಯಾಯಿತು. ಮಂಡಿಯೂ ಹಾಗೆಯೇ, ಬಗ್ಗಿಸಿದರೆ ಬರಲಿಲ್ಲ, ಹಿಡಿಯುವುದನ್ನು ಬಿಟ್ಟಾಗ ಬಂತು. ಆಮೇಲೆ ದನಿ. "ಬಾ ಕೋತಿ" ಅನ್ನುವಾಗಿನ ಆ ಸಡಿಲ 'ಬಾ' ಬರಬೇಕಾದರೆ ತುಟಿಯ ಎಡತುದಿಯನ್ನು ಸುಮ್ಮನೆ ಬಿಡಬೇಕಿತ್ತು. ಬಿಟ್ಟೆ. ಕನ್ನಡಿಯಲ್ಲಿ ಒಂದು ಪಕ್ಕದ ದೀಪ ಆರಿಸಿದಂಥ ಮನುಷ್ಯನೊಬ್ಬ ನಿಂತಿದ್ದ.

ಕೂಟದಲ್ಲಿ ಜನ ಹೆಚ್ಚು ನಕ್ಕದ್ದು, ನನಗೇ ಅರಿವಿಲ್ಲದೆ ಬಂದಿದ್ದ ಆ ತುಟಿಗೇ.

ಮಧ್ಯಾಹ್ನ ಮಾಮನ ವರ್ಕ್‌ಶಾಪಿಗೆ ಹೋದೆ. ಹೊರಕೋಣೆಯಲ್ಲಿ ಅತ್ತೆಯ ಕೆಲಸ: ಮಾಮ ಫೋಮಿನಿಂದ ಕೆತ್ತಿಕೊಟ್ಟ ಬೋರ್ಡಿಗೆ ಗಾಜಿನ ನಾರಿನ ಬಟ್ಟೆ ಹೊದಿಸಿ ಅಂಟು ಎಳೆಯುವುದು. ಅಂಟಿನ ವಾಸನೆ ಮೂಗಿಗೆ ಹೊಡೆಯಿತು. ಅತ್ತೆ ಇನ್ನೂ ಬಟ್ಟೆ ಹೊದಿಸಿರಲಿಲ್ಲ. ಮಾಸ್ಕು ಹಾಕಿಕೊಂಡು ಉಜ್ಜುಕಾಗದದಿಂದ ಬೋರ್ಡಿನ ಎಡ ಅಂಚನ್ನು ಉಜ್ಜುತ್ತಿದ್ದಳು.

"ಇದು ಮಾಮನ ಕೆಲಸ ಅಲ್ವಾ ಅತ್ತೆ?"

ಅವಳು ಒಳಕೋಣೆಯ ಬಾಗಿಲನ್ನು ನೋಡಿ ದನಿ ತಗ್ಗಿಸಿದಳು. "ಎಡಗಡೆ ದಪ್ಪ ಬಿಡ್ತಿದಾರೆ. ಪ್ರತಿಯೊಂದರಲ್ಲೂ. ನಾನೇ ಸರಿಮಾಡಿ ಹೊದಿಸ್ತೀನಿ."

"ಎಷ್ಟು ದಿನದಿಂದ?"

"ನಾಲ್ಕು ತಿಂಗಳಾಯ್ತು. ಕಣ್ಣು ಮಂಜಾಗಿರಬೇಕು ಅಂದ್ಕೊಂಡೆ. ಕನ್ನಡಕ ಅಂದ್ರೆ ಸಿಡೀತಾರೆ, ನಿಂಗೆ ಗೊತ್ತಲ್ಲ."

"ಮಾಮ ಅಂಚನ್ನ ಕಣ್ಣಿಂದ ನೋಡೋದೇ ಇಲ್ಲವಲ್ಲ ಅತ್ತೆ."

ಅವಳ ಕೈ ನಿಂತಿತು. ಮಾಮ ಬೋರ್ಡಿನ ಬಾಲದ ಕಡೆ ನಿಂತು, ಕಣ್ಣು ಮುಚ್ಚಿ, ಎರಡೂ ಅಂಗೈಯನ್ನು ಎರಡೂ ಅಂಚಿನ ಮೇಲೆ ಒಟ್ಟಿಗೆ ಸವರುತ್ತ ಹೋಗುತ್ತಾನೆ. ಎರಡು ಕೈಯೂ ಒಂದೇ ಮಾತು ಹೇಳಿದರೆ ಬೋರ್ಡು ಮುಗಿಯಿತು. ಮೂವತ್ತು ವರ್ಷದ ಪದ್ಧತಿ ಅದು. ಅತ್ತೆಗೆ ನನಗಿಂತ ಚೆನ್ನಾಗಿ ಗೊತ್ತು.

"ಕೈ," ಎಂದಳು ಅತ್ತೆ, ಮಾಸ್ಕಿನ ಒಳಗೇ.

ಕೆತ್ತುವ ಕೋಣೆಯಲ್ಲಿ ಸೊಂಟದ ಎತ್ತರಕ್ಕೆ ಎರಡೂ ಗೋಡೆಯುದ್ದಕ್ಕೂ ಟ್ಯೂಬ್‌ಲೈಟು. ಫೋಮಿನ ಪುಡಿ ಮಾಮನ ಹುಬ್ಬಿನ ಮೇಲೆಲ್ಲ ಕೂತಿತ್ತು. ಅವನ ಏಳಡಿ ಹಳೇ ಬೋರ್ಡು ಗೋಡೆಗೆ ಒರಗಿತ್ತು, ಕಾಲು ಜಾರದಂತೆ ಹೊಸದಾಗಿ ಮೇಣ ತಿಕ್ಕಿಸಿಕೊಂಡು, ನಾಳೆಗೆ ತಯಾರಾಗಿ.

"ಬಾ ಕೋತಿ," ಎಂದ. ಅದೇ 'ಬಾ'.

"ಮಾಮಾ, ನಾಳೆ ನೀರಿಗೆ ಇಳೀಬೇಡ."

"ಯಾಕಮ್ಮಾ, ಅಲೆಗೆ ರಜೆಯಾ?"

"ನಿನ್ನ ಎಡಗೈ ಸರಿ ಇಲ್ಲ."

"ಕೈ ತನ್ನ ಪಾಡಿಗೆ ಇದೆ. ಸ್ಟೈಲು ಅಂತ ನೀನೇ ಮೇಜಿನ ಮೇಲೆ ನಿಂತು ಸಾರಿದೆಯಲ್ಲ."

"ತಪ್ಪಾಗಿ ಮಾಡಿದ್ದೆ."

"ಹಾಗಿದ್ರೆ ಸರಿಯಾಗಿ ಮಾಡು, ನೋಡೋಣ." ಅವನು ಸ್ಟೂಲಿನ ಮೇಲೆ ಕೂತು ತೊಡೆ ತಟ್ಟಿಕೊಂಡ. ಬಲಗೈಯಿಂದ.

ನಾನು ಚಪ್ಪಲಿ ಬಿಟ್ಟು, ಪುಡಿ ಕೂತ ನೆಲದ ಮೇಲೆ ನಿಂತೆ. ಮೊದಲು ಐದು ವರ್ಷದ ಹಿಂದಿನ ಮಾಮ: ಮಂಡಿ ಬಗ್ಗಿ, ಎಡಗೈ ಚಾಚಿ, ಒಂದು ಉದ್ದ ತಿರುವು. ಅವನು ನಕ್ಕ. "ಸೊಂಟ ಇನ್ನೂ ಸ್ವಲ್ಪ ಕೆಳಗೆ," ಎಂದ. ಆಮೇಲೆ ಈಗಿನ ಮಾಮ. ಕೈಯನ್ನು ಬಿಟ್ಟೆ. ಮಂಡಿಯನ್ನು ಬಿಟ್ಟೆ. ತುಟಿಯ ತುದಿಯನ್ನು ಬಿಟ್ಟೆ. ಇದರಲ್ಲಿ ನಗಿಸುವಂಥದ್ದು ಏನನ್ನೂ ಇಡಲಿಲ್ಲ. "ಬಾ ಕೋತಿ, ಬೋರ್ಡು ಹಿಡಿ," ಎಂದೆ.

ಮಾಮನ ನಗು ಬಲಗಡೆ ಮಾತ್ರ ಸ್ವಲ್ಪ ಹೊತ್ತು ಉಳಿದು, ಅದೂ ಇಳಿಯಿತು.

"ನಾನು ಹಾಗೆ ನಿಲ್ತೀನಾ?"

"ಹೂಂ."

"ಬಾಯಿನೂ?"

ಬಾಗಿಲಲ್ಲಿ ಅತ್ತೆ ನಿಂತಿದ್ದಳು. ಕೈಯಲ್ಲಿ ದಪ್ಪ ಅಳೆಯುವ ಉಕ್ಕಿನ ಇಕ್ಕಳ. ಅವಳು ಕಟ್ಟೆಯ ಮೇಲೆ ಆಗತಾನೆ ಮುಗಿದಿದ್ದ ಬೋರ್ಡಿನ ಬಲ ಅಂಚಿಗೆ ಅದನ್ನು ಕಚ್ಚಿಸಿ ತಿರುಪು ಬಿಗಿದು, ಹಾಗೇ ಎಡ ಅಂಚಿಗೆ ತಂದಳು. ಇಕ್ಕಳ ಆ ದಪ್ಪ ಅಂಚಿನ ಮೇಲೆ ಹತ್ತಲೇ ಇಲ್ಲ.

ಮಾಮ ಎದ್ದು ಬಾಲದ ಕಡೆ ನಿಂತ. ಕಣ್ಣು ಮುಚ್ಚಿ ಎರಡೂ ಅಂಗೈ ಸವರಿದ. "ಸಮ ಇದೆ," ಎಂದ. ನಂತರ ಬೋರ್ಡಿನ ಸುತ್ತ ನಡೆದು ಬಂದು ಆ ಎಡ ಅಂಚನ್ನೇ ಬಲಗೈಯಿಂದ ಮುಟ್ಟಿದ. ಅರ್ಧಕ್ಕೆ ಕೈ ನಿಂತಿತು.

"ಎಷ್ಟು ಬೋರ್ಡು ಹೀಗೆ?" ಎಂದು ಅತ್ತೆಯನ್ನು ಕೇಳಿದ.

"ಹದಿನಾಲ್ಕು."

"ಹೇಳಬೇಕಿತ್ತು ಕಣೇ."

"ನೀವೂ ಹೇಳಬೇಕಿತ್ತು. ಷರ್ಟಿನ ಗುಂಡಿ ಹಾಕಿಕೊಳ್ಳೋಕೆ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕ್ಕೋತೀರಲ್ಲ, ಯಾಕೆ ಅಂತ."

ಅವನು ಹಳೇ ಬೋರ್ಡಿನ ಕಡೆ ಹೋಗಿ, ಅದರ ಮೇಣವನ್ನು ಉಗುರಿನಿಂದ ಸ್ವಲ್ಪ ಕೆರೆದ. "ನಾಳೆ ಒಂದೇ ಒಂದು ಅಲೆ. ಆಮೇಲೆ ಎಲ್ಲಿಗೆ ಕರೆದರೂ ಬರ್ತೀನಿ."

"ಬಿದ್ದರೆ ಹೇಗೆ ಈಜ್ತೀಯ ಮಾಮಾ?"

ಅವನು ಬಲಗೈ ಎತ್ತಿ ಗಾಳಿಯಲ್ಲಿ ಒಮ್ಮೆ ಈಜಿದ. ಎಡಗೈ ಎತ್ತಿದ. ಅದು ಭುಜದವರೆಗೆ ಬಂದು ಅಲ್ಲೇ ಅಲುಗಾಡುತ್ತ ನಿಂತಿತು. ಅವನು ಅದನ್ನು ಬೇರೆಯವರದ್ದೆಂಬಂತೆ ನೋಡಿ, ಬಲಗೈಯಿಂದ ಹಿಡಿದು ಮೆಲ್ಲಗೆ ಕೆಳಗಿಳಿಸಿದ.

"ಬೋರ್ಡು ಅಟ್ಟಕ್ಕೆ ಹಾಕಿ," ಎಂದ.

ಭಾನುವಾರ ಕ್ಲಬ್ಬಿನವರೆಲ್ಲ ದಡದಲ್ಲಿದ್ದಾಗ ನಾವು ಮೂವರು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಕೂತಿದ್ದೆವು. ನರಗಳ ಡಾಕ್ಟರ್ ಸಣ್ಣ ವಯಸ್ಸಿನವಳು. ಸುತ್ತಿಗೆಯಿಂದ ಮಂಡಿ ತಟ್ಟಿದಳು, ಬೆರಳು ಹಿಡಿಸಿದಳು, ಹಲ್ಲು ತೋರಿಸಿ ಎಂದಳು. ಸ್ಕ್ಯಾನಿಗೆ ಬರೆದಳು. "ಒಮ್ಮೆಗೇ ಆಯ್ತಾ, ನಿಧಾನವಾಗಿ ಹೆಚ್ಚಾಯ್ತಾ? ಮೊದಲು ಕೈನಾ, ಕಾಲಾ? ಪಾರ್ಶ್ವವಾಯು ಒಮ್ಮೆಗೇ ಬಡಿಯುತ್ತೆ, ನಿಧಾನವಾಗಿ ಹೆಚ್ಚೋದು ಬೇರೆಯೇ. ಇದು ತುಂಬಾ ಮುಖ್ಯ," ಎಂದಳು.

ಮಾಮ ಅತ್ತೆಯನ್ನು ನೋಡಿದ. ಅತ್ತೆ ಅವನನ್ನು ನೋಡಿದಳು. ಬೋರ್ಡಿನ ಲೆಕ್ಕ ಅವಳಿಗೆ ಗೊತ್ತಿತ್ತು, ಮೈಯ ಲೆಕ್ಕ ಇಬ್ಬರಿಗೂ ಗೊತ್ತಿರಲಿಲ್ಲ.

"ಇವಳು ಹೇಳ್ತಾಳೆ," ಎಂದ ಮಾಮ, ನನ್ನ ಕಡೆ ತಿರುಗಿ. "ಹೇಳೋದೇನು, ಮಾಡಿ ತೋರಿಸ್ತಾಳೆ. ಎದ್ದೇಳು."

ನಾನು ಎದ್ದೆ. ಪರದೆಗೂ ತೂಕದ ಯಂತ್ರಕ್ಕೂ ನಡುವೆ ಮೂರು ಹೆಜ್ಜೆ ಜಾಗವಿತ್ತು. ಎಂಟು ತಿಂಗಳ ಹಿಂದೆ, ಎಂದು ನಿಂತೆ: ಎಡಗೈ ಚಾಚಿದೆ, ಆದರೆ ಹೆಬ್ಬೆರಳು ಮಾತ್ರ ಒಳಗೆ ಮಡಚಿಕೊಂಡಿದೆ. ಅದನ್ನು ನಾನು ಅವತ್ತೇ ಗಮನಿಸಿದ್ದೆ, ಐಟಮ್ಮಿಗೆ ಚಿಕ್ಕದಾಯಿತೆಂದು ಬಿಟ್ಟಿದ್ದೆ. ಆರು ತಿಂಗಳ ಹಿಂದೆ, ಎಂದೆ: ಕೈ ಅರ್ಧ ಇಳಿದಿದೆ. ನಾಲ್ಕು ತಿಂಗಳ ಹಿಂದೆ: ಕೈ ಪೂರ್ತಿ, ಮಂಡಿ ಶುರು. ಕೂಟದ ಹೊತ್ತಿಗೆ: ತುಟಿ. ಡಾಕ್ಟರ್ ಬರೆಯುತ್ತಲೇ ಇದ್ದಳು. 'ಎಂಟು ತಿಂಗಳು' ಎಂದು ಬರೆದದ್ದರ ಅಡಿಗೆ ಒಂದು ಗೆರೆ ಎಳೆದು, ಅದರ ಕೆಳಗೆ ಇನ್ನೊಂದು ಎಳೆದಳು. ಏನು ಅದು ಎಂದು ಅತ್ತೆ ಕೇಳಿದ್ದಕ್ಕೆ, ಸ್ಕ್ಯಾನ್ ಬರಲಿ ಎಂದಷ್ಟೇ ಹೇಳಿದಳು. ಪರದೆಯಾಚೆ ಯಾರದೋ ಟ್ರಾಲಿಯ ಚಕ್ರ ಕಿರುಗುಟ್ಟಿ ಹೋಯಿತು.

"ಈಗ ಹೇಗಿದೆ, ಅದನ್ನೂ ಇನ್ನೊಮ್ಮೆ ತೋರಿಸಿ," ಎಂದಳು.

ನಾನು ಈಗಿನ ಮಾಮನಾಗಿ ನಿಂತೆ. ಮಂಚದ ಮೇಲಿಂದ ಅವನು ತಲೆ ಓರೆಮಾಡಿ, ಮುಗಿಯದ ಬೋರ್ಡನ್ನು ನೋಡುವ ಹಾಗೆ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಅಲ್ಲ ಕೋತಿ," ಎಂದ. "ಭುಜ ಇನ್ನೂ ಸ್ವಲ್ಪ ಕೆಳಗೆ. ಇವತ್ತು ಬೆಳಿಗ್ಗೆಯಿಂದ ಅದೂ ಇಳಿದಿದೆ."