ಊಟಕ್ಕೆ ಬಂದವರು

ಮುದುಕವ್ವ ನಿನ್ನೆ ಉಂಡಿರಲಿಲ್ಲ. ಇಂದೂ ಉಣ್ಣಲಿಲ್ಲ. ಸಂಜೆಯವರೆಗೆ ನೋಡಿ, ಆಗಲೂ ಊಟ ಸೇರದಿದ್ದರೆ ಆಸ್ಪತ್ರೆಗೆ ತರಬೇಕು, ಮೂಗಿನಿಂದ ನಳಿಕೆ ಇಳಿಸಬೇಕಾಗುತ್ತದೆ ಎಂದು ವೈದ್ಯರು ಹೇಳಿದ್ದರು. ಕಿತ್ತುಕೊಳ್ಳದಂತೆ ಕೈ ಕಟ್ಟಬೇಕಾಗಬಹುದು ಎಂದೂ ಹೇಳಿದ್ದರು. ಈ ಎರಡನೆಯ ಮಾತನ್ನು ಅವಳ ಗಂಡ ಕರಿಬಸಪ್ಪ ಯಾರಿಗೂ ತಿಳಿಸಲಿಲ್ಲ.

ಅವಳ ಗಂಟಲಿನಲ್ಲಿ ದೋಷವಿರಲಿಲ್ಲ. ಹಸಿವೂ ಇತ್ತು. ಗಂಡ ಉಣ್ಣುವ ಮೊದಲು ತಾನು ಉಣ್ಣಬಾರದೆಂಬುದು ಅವಳ ನಿಯಮ. ಗಂಡನ ಈಗಿನ ಮುಖ ಮರೆತುಹೋಗಿತ್ತು, ನಿಯಮ ಉಳಿದಿತ್ತು. ಅವಳ ಪಾಲಿಗೆ ಗಂಡ ಈಗಲೂ ಪೀಣ್ಯದ ಕಾರ್ಖಾನೆಯಲ್ಲಿ ಮೊದಲ ಪಾಳಿಯಲ್ಲಿದ್ದ. ಅವನು ನಿವೃತ್ತನಾದ ಸಂಗತಿ ಅವಳನ್ನು ತಲುಪಿರಲಿಲ್ಲ.

ಬೆಳಿಗ್ಗೆ ಕರಿಬಸಪ್ಪ ಕಾರ್ಖಾನೆಯ ಹಳೆಯ ಗುರುತಿನ ಚೀಟಿಯನ್ನು ಅವಳ ಮುಂದೆ ಹಿಡಿದ.

“ನೋಡು. ಇದು ನಾನು.”

ಅವಳು ಚಿತ್ರ ನೋಡಿ ಸೆರಗು ಸರಿಪಡಿಸಿಕೊಂಡಳು. “ಇದು ನಮ್ಮೋರ ಫೋಟೋ. ನಿಮ್ಮ ಕೈಯಾಗ ಹೆಂಗ ಬಂತು?”

“ನಿಮ್ಮವರ ಹೆಸರೇನು? ಹೇಳು.”

“ಹೆಣ್ಮಕ್ಕಳ ಬಾಯಾಗ ಗಂಡನ ಹೆಸರು ಕೇಳ್ತೀರಲ್ಲ. ವಯಸ್ಸಾಗೇತಿ ನಿಮಗ.”

ಹಾಲು ಕೊಡಲು ಬಂದ ಮನೆ ಬಾಡಿಗೆಗೆ ಕೊಟ್ಟಿದ್ದ ಮಾರಕ್ಕ ಬಾಗಿಲಲ್ಲೇ ನಿಂತು ನಕ್ಕಳು. “ಕಟ್ಕೊಂಡ ಎಂಡ್ತಿಗೇ ಚೀಟಿ ತೋರಿಸ್ತೀಯಲ್ಲಣ್ಣಾ, ಇದೇನು ಫ್ಯಾಕ್ಟ್ರಿ ಗೇಟಾ? ಇಂಗೆ ಗದರಿಸಿದ್ರೆ ನಾನೂ ಉಣ್ಣಾಕಿಲ್ಲ.”

ಅವನು ಚೀಟಿಯನ್ನು ಒಳಗಿಟ್ಟ.

ಮಧ್ಯಾಹ್ನ ವಿದ್ಯುತ್ ಹೋಯಿತು. ಬೀದಿಯ ಕಬ್ಬಿಣ ಕಡೆಯುವ ಲೇತ್ ಯಂತ್ರಗಳೆಲ್ಲ ಒಂದೊಂದಾಗಿ ಉಸಿರು ಬಿಟ್ಟು ನಿಂತವು. ಆ ಸದ್ದು ಹೋದೊಡನೆ ಮನೆಗಳು ನೀರಿನಡಿಗೆ ಇಳಿದಂತೆ ತೋರಿದವು. ಬಿಸಿಲಿನಲ್ಲಿ ಕಬ್ಬಿಣದ ಸಣ್ಣ ಪುಡಿ ಮಿನುಗುತ್ತ, ಬೀಳಲು ಮನಸ್ಸಿಲ್ಲದೆ ತೇಲುತ್ತಿತ್ತು. ಗಾಳಿಯಿಲ್ಲದಿದ್ದರೂ ತಂತಿಯ ಮೇಲಿನ ಸೀರೆ ಒಮ್ಮೆ ಉಬ್ಬಿ ಇಳಿಯಿತು. ಮುಟ್ಟದ ತಟ್ಟೆಯನ್ನು ನೋಡಲಾರದೆ ಕರಿಬಸಪ್ಪ ಹೊಸ್ತಿಲಾಚೆ ಹೋಗಿ ನಿಂತ.

“ಯಾರ್ರೀ ಅಲ್ಲಿ? ಬಿಸಿಲಾಗ ಯಾಕ ನಿಂತೀರಿ?” ಒಳಗಿನಿಂದ ಅವಳ ದನಿ ಬಂತು. ಅದರಲ್ಲಿ ಅನುಮಾನವಿರಲಿಲ್ಲ. ಅದು ಮನೆಯೊಡತಿಯ ದನಿ. “ಊಟ ಆತೇನು?”

ಅವನು ತಿರುಗಿದ. ನಾನು ನಿನ್ನ ಗಂಡ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆ ಮಾತನ್ನು ಎಷ್ಟು ಸಲ ಹೇಳಿದರೂ ಅವಳಿಗೆ ಅದು ತಪ್ಪು ಉತ್ತರವೇ ಆಗುತ್ತಿತ್ತು.

“ಇಲ್ಲ, ತಾಯಿ,” ಎಂದ.

ಹೆಂಡತಿಯನ್ನು ಹಾಗೆ ಕರೆದು, ಅತಿಥಿಯಂತೆ ಹೊಸ್ತಿಲು ದಾಟಿ ಒಳಬಂದ. ಅವಳು ಚಟ್ಟನೆ ಎದ್ದಳು. ಮಣೆ ಹಾಕಿದಳು. ಬೆಳಿಗ್ಗೆ ಅವನೇ ತಟ್ಟಿದ್ದ ಜೋಳದ ರೊಟ್ಟಿಯನ್ನು ತಟ್ಟೆಗಿಟ್ಟಳು.

“ನೀವೂ ಕೂಡಬೇಕು,” ಎಂದ ಅವನು. “ಮನೆಯವರು ಉಪವಾಸವಿದ್ದರೆ ನಾನು ತುತ್ತು ಎತ್ತುವುದಿಲ್ಲ.”

“ನಮ್ಮೋರು ಇನ್ನಾ ಬಂದಿಲ್ರೀ.”

“ಹಾಗಾದರೆ ನಾನು ಹೀಗೆಯೇ ಹೋಗುತ್ತೇನೆ.”

ಹಸಿದು ಬಂದವರನ್ನು ಹಾಗೆಯೇ ಕಳಿಸುವುದೂ ಅವಳಿಂದಾಗದು. ಅವಳು ಬಹಳ ಹೊತ್ತು ಬಾಗಿಲು ನೋಡಿದಳು. ಆಮೇಲೆ ಕುಳಿತು, ಒಂದು ಚೂರು ಮುರಿದು, ಬಾಯಿಗಿಟ್ಟಳು.

“ಅವ್ರಿಗೆ ಹೇಳಬ್ಯಾಡ್ರಿ. ಮೊದಲ ಉಂಡೆ ಅಂತ.”

“ಹೇಳುವುದಿಲ್ಲ.”

“ಅಂಚು ಹರದೇತಿ. ಇವತ್ತ ನನ್ನ ಕೈ ಹದಕ್ಕ ಬಂದಿಲ್ಲ.” ಇನ್ನೊಂದು ಚೂರು ಮುರಿದಳು. “ಅವ್ರು ಒಂದು ದಿನಾನೂ ರೊಟ್ಟಿ ಚಲೋ ಆಗೇತಿ ಅಂದೋರಲ್ಲ. ಎರಡನೇದು ಕೇಳಿದ್ರ ಚಲೋ ಆಗೇತಿ ಅಂತ ನಾನ ತಿಳ್ಕೊಳ್ಳೋದು. ಮಾತು ಕಡಿಮಿ. ಮನುಷ್ಯಾ ಬಂಗಾರ.”

ಮೊದಲನೆಯದನ್ನು ಮುಗಿಸಿ ಎರಡನೆಯ ರೊಟ್ಟಿಗಾಗಿ ಚಾಚಲಿದ್ದ ಕೈಯನ್ನು ಕರಿಬಸಪ್ಪ ಹಿಂದಕ್ಕೆ ತೆಗೆದ.

“ರೊಟ್ಟಿ ಬಹಳ ಚೆನ್ನಾಗಿದೆ, ತಾಯಿ.”

ಅವಳು ನಾಚಿ ತಲೆ ತಗ್ಗಿಸಿದಳು. “ನೀವು ಅವ್ರಂಗಲ್ಲ ಬಿಡ್ರಿ,” ಎಂದಳು. ರೊಟ್ಟಿಯನ್ನು ಪೂರ್ತಿ ಮುಗಿಸಿದಳು, ಮಜ್ಜಿಗೆಯನ್ನೂ ಕುಡಿದಳು.

ದೂರದಲ್ಲಿ ಪಾಳಿ ಬಿಡುವ ಸೈರನ್ ಕೂಗಿತು.

“ಅವ್ರು ಬರೋ ಹೊತ್ತಾತು. ನೀವಿನ್ನ ಹೊರಡ್ರಿ. ನಾಳೆ ಈ ಕಡೆ ಬಂದ್ರ ಉಣ್ಣಾಕ ಬರ್ರಿ.”

“ಬರುತ್ತೇನೆ,” ಎಂದು ಕರಿಬಸಪ್ಪ ಚಪ್ಪಲಿ ಮೆಟ್ಟಿದ. ಅವಳು ಕಾಣುವಷ್ಟು ದೂರದಲ್ಲಿ, ಬೀದಿಯ ಅಂಚಿನಲ್ಲಿ ನಿಂತ. ಪಾಳಿ ಮುಗಿಸಿದ ಖಾಕಿ ಅಂಗಿಯವರು ಸೈಕಲ್ಲುಗಳ ಮೇಲೆ ಬಿಸಿಲಿನೊಳಗಿಂದ ಮೂಡಿ, ಸದ್ದಿಲ್ಲದೆ ಹಾದುಹೋಗುತ್ತಿದ್ದರು. ಅವರಲ್ಲಿ ಒಬ್ಬನಾದರೂ ಈ ಮನೆಯ ಕಡೆ ತಿರುಗುವನೇ ಎಂದು, ಒಳಗೆ ಕಾಯುತ್ತಿದ್ದ ಅವಳಂತೆ, ಅವನೂ ನೋಡತೊಡಗಿದ.