ಮೂಡಲಪಾಳ್ಯದ ಮರಳು

ಬೆಕ್ಕು ಹಿಂಗಾಲನ್ನು ಕಂಬದಂತೆ ಮೇಲೆತ್ತಿ ಬಾಲದ ಬುಡವನ್ನು ನಾಲಿಗೆಯಿಂದ ಉಜ್ಜಿ ಉಜ್ಜಿ ನೆಕ್ಕಿಕೊಂಡಿತು. ಆ ಕೆಲಸ ಮುಗಿದ ಮೇಲೆ ಮೈಮುರಿದು ಎದ್ದು ಊಟದ ಮೇಜಿನ ಕೆಳಗೆ ಬಂತು. ಸಾರನ್ನ ಮುಗಿಸಿ ಮೊಸರಿಗೆ ಕಾಯುತ್ತಿದ್ದ ಕಲಾವತಿ ಬಲಗೈಯನ್ನು ಕುರ್ಚಿಯ ಪಕ್ಕಕ್ಕೆ ಇಳಿಬಿಟ್ಟಿದ್ದಳು. ಬೆಕ್ಕು ಅದೇ ನಾಲಿಗೆಯಿಂದ ಅವಳ ಬೆರಳುಗಳನ್ನು ಒಂದೊಂದಾಗಿ ನೆಕ್ಕಿ ಸ್ವಚ್ಛ ಮಾಡಿತು. ಕಲಾವತಿ ಕೈಯನ್ನು ಸೆರಗಿಗೆ ಒಮ್ಮೆ ಸವರಿ, ಮೊಸರು ಬಿದ್ದ ಕೂಡಲೇ ಅನ್ನ ಕಲೆಸತೊಡಗಿದಳು.

ಎದುರಿಗೆ ಕೂತಿದ್ದ ಅವಳ ತಮ್ಮ ಗೋಪೀನಾಥ ತಟ್ಟೆಯನ್ನು ದೂರ ಸರಿಸಿದ.

"ಯಾಕೋ, ಸಾಕಾ?" ಎಂದಳು ಕಲಾವತಿ.

"ಹಸಿವಿಲ್ಲ ಅಕ್ಕ."

"ಹಸಿವಿಲ್ದೇನೇ ಎರಡು ಸಲ ಸಾರು ಹಾಕಿಸ್ಕೊಂಡ್ಯಾ?"

ಗೋಪೀನಾಥನ ಹೆಂಡತಿ ಸೀತಾ ಮೊಸರಿನ ಪಾತ್ರೆ ಹಿಡಿದುಕೊಂಡೇ ಅವನ ಮುಖ ನೋಡಿದಳು. ಅವಳಿಗೂ ಹೇಸಿಗೆಯಾಗಿತ್ತು. ಆದರೆ ಗಂಡ ತಟ್ಟೆ ಸರಿಸಿದ್ದನ್ನು ನೋಡಿದ ಮೇಲೆ, ಮನೆಯಲ್ಲಿ ಇಬ್ಬರೂ ಒಟ್ಟಿಗೆ ಹೇಸಿಕೊಂಡರೆ ಸಂಸಾರ ನಡೆಯುವುದಿಲ್ಲವೆಂದು ಕಲಾವತಿಯ ತಟ್ಟೆಗೆ ಇನ್ನೊಂದು ಸೌಟು ಮೊಸರು ಹಾಕಿದಳು.

ಹೇಸಿಗೆ ಗೋಪೀನಾಥನಿಗೆ ಹುಟ್ಟುಗುಣ. ಹೋಟೆಲಿನಲ್ಲಿ ಕಾಫಿ ಲೋಟದ ಅಂಚನ್ನು ಬೆಳಕಿಗೆ ಹಿಡಿದು ನೋಡದೆ ಕುಡಿದವನಲ್ಲ. ಬಸ್ಸಿನಲ್ಲಿ ಕಂಬಿ ಹಿಡಿಯಲು ಬೇರೆಯೇ ಒಂದು ಕರವಸ್ತ್ರ. ಯಾರದಾದರೂ ಮನೆಯ ಬಚ್ಚಲ ನೆಲ ಒದ್ದೆಯಾಗಿದ್ದರೆ ಹಿಮ್ಮಡಿಯ ಮೇಲೆ ನಡೆದು, ಹೊರಗೆ ಬಂದು ಒಂದೊಂದೇ ಪಾದವನ್ನು ಗಾಳಿಯಲ್ಲಿ ಒದರುತ್ತಿದ್ದ. ಇಂಥವನು ರಾಜಾಜಿನಗರದ ಒಂದು ಡಯಾಗ್ನೋಸ್ಟಿಕ್ ಲ್ಯಾಬಿನಲ್ಲಿ ವರ್ಷಾನುಗಟ್ಟಲೆ ಊರಿನವರ ಮಲ ಮೂತ್ರಗಳನ್ನು ಮೈಕ್ರೋಸ್ಕೋಪಿನ ಕೆಳಗೆ ಇಟ್ಟು ನೋಡುತ್ತ ಬಂದವನೆಂದರೆ ಯಾರೂ ನಂಬುತ್ತಿರಲಿಲ್ಲ. ಅವನಿಗೆ ಅದರಲ್ಲಿ ವಿರೋಧ ಕಾಣುತ್ತಿರಲಿಲ್ಲ. ಅಲ್ಲಿ ಕೊಳಕಿಗೆ ಮುಚ್ಚಳವಿತ್ತು, ಹೆಸರಿನ ಚೀಟಿಯಿತ್ತು, ನಡುವೆ ಕೈಗವಸಿತ್ತು. ಕೆಲಸ ಮುಗಿದ ಮೇಲೆ ಹೋಗಬೇಕಾದ ಜಾಗಕ್ಕೆ ಅದು ಹೋಗುತ್ತಿತ್ತು. ಮುಚ್ಚಳವಿಲ್ಲದೆ ಮನೆಯೊಳಗೆ ಓಡಾಡುವ ಕೊಳಕೇ ಬೇರೆ. ಅದರಲ್ಲಿ ಏನೇನಿರುತ್ತದೆ ಎಂಬುದು ಬೇರೆಯವರಿಗಿಂತ ಅವನಿಗೆ ಹೆಚ್ಚು ಗೊತ್ತಿದ್ದದ್ದು ಇನ್ನೊಂದು ಕಷ್ಟ. ಉಳಿದವರು ಬೆಕ್ಕನ್ನು ನೋಡಿದರೆ ಬೆಕ್ಕು ಕಾಣುತ್ತಿತ್ತು. ಅವನಿಗೆ ಹುಳುವಿನ ಮೊಟ್ಟೆಗಳು, ಅವುಗಳ ದಪ್ಪ ಕವಚ ಕಾಣುತ್ತಿದ್ದವು.

ಈ ಬೆಕ್ಕು ಮನೆಗೆ ಬಂದದ್ದು ಕಲಾವತಿಯ ಷರತ್ತಿನ ಮೇಲೆ. ಮದುವೆಯಾಗದೆ ಮೇಷ್ಟ್ರ ಕೆಲಸ ಮಾಡಿ ನಿವೃತ್ತಳಾದ ಅವಳು ಮೂಡಲಪಾಳ್ಯದ ಪುಟ್ಟ ಮನೆಯಲ್ಲಿ ಒಬ್ಬಳೇ ಇದ್ದಳು. ಒಂದು ಬೆಳಗ್ಗೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಹಾಲಿನ ಪ್ಯಾಕೆಟ್ಟು ಮಧ್ಯಾಹ್ನವಾದರೂ ಗೇಟಿನಲ್ಲೇ ನೇತಾಡುತ್ತಿರುವುದನ್ನು ಪಕ್ಕದ ಮನೆಯ ಮುನಿಲಕ್ಷ್ಮಮ್ಮ ಗಮನಿಸದೇ ಇದ್ದಿದ್ದರೆ ಏನಾಗುತ್ತಿತ್ತೋ. ಆಪರೇಷನ್ ಮಾಡಿದ ಡಾಕ್ಟರು ಇನ್ನು ಮುಂದೆ ಇವರು ಒಂಟಿಯಾಗಿ ಇರಕೂಡದೆಂದರು. ಬಸವೇಶ್ವರನಗರದಲ್ಲಿ ಗೋಪೀನಾಥನ ಎರಡನೇ ಮಹಡಿಯ ಫ್ಲ್ಯಾಟಿನಲ್ಲಿ, ಮಗಳು ಸಿಂಚನಾ ಮದುವೆಯಾಗಿ ಹೋದ ಮೇಲೆ ಒಂದು ಕೋಣೆ ಖಾಲಿಯಿತ್ತು. ಕಲಾವತಿ ಬರುತ್ತೇನೆಂದಳು, ಆದರೆ ಬೀದಿಯಲ್ಲಿ ತಾನು ಅನ್ನ ಹಾಕಿ ಬೆಳೆಸಿದ ಬೆಕ್ಕೂ ಬರಬೇಕು ಎಂದಳು. ಕಾಂಪೌಂಡಿನ ಮೇಲೆ ಕೂತು ಇಡೀ ಬೀದಿಯ ಉಸ್ತುವಾರಿ ನೋಡುತ್ತಿದ್ದ ಕಾರಣ ಅದಕ್ಕೆ ಅವಳು ಮಾನಿಟ್ರು ಎಂದು ಹೆಸರಿಟ್ಟಿದ್ದಳು.

ಗೋಪೀನಾಥ ಒಪ್ಪಿದ. ಒಪ್ಪಿದ ಮೇಲೆ ಎಲ್ಲವನ್ನೂ ಶಾಸ್ತ್ರೋಕ್ತವಾಗಿಯೇ ಮಾಡಿದ. ಬೆಕ್ಕನ್ನು ಪಶುವೈದ್ಯರ ಹತ್ತಿರ ಕರೆದೊಯ್ದು ಹುಳುವಿನ ಔಷಧಿ, ಚಿಗಟದ ಔಷಧಿ, ಚುಚ್ಚುಮದ್ದು ಎಲ್ಲ ಮುಗಿಸಿದ. ಅದರ ಶೌಚಕ್ಕೆಂದು ಒಂದು ನೀಲಿ ಟ್ರೇ ತಂದು, ಅದಕ್ಕೆ ಒದ್ದೆ ಹೀರುವ, ಲ್ಯಾವೆಂಡರ್ ಪರಿಮಳದ ಹರಳು ಸುರಿದು, ಅಡಿಗೆಮನೆಯ ಹಿಂದೆ ಪಾತ್ರೆ ಬಟ್ಟೆ ತೊಳೆಯುವ ಯುಟಿಲಿಟಿಯಲ್ಲಿ ಇಟ್ಟ. ದಿನಾ ಬೆಳಗ್ಗೆ ಸಂಜೆ ಆ ಟ್ರೇಯನ್ನು ಫಿನೈಲಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿದ. ಬೆಂಗಳೂರಿನ ಯಾವ ಬೆಕ್ಕಿಗೂ ಇಷ್ಟು ನಿರ್ಮಲವಾದ ಕಕ್ಕಸು ಇದ್ದಿರಲಾರದು.

ಮಾನಿಟ್ರು ಅದನ್ನು ಬಿಟ್ಟು ಉಳಿದೆಲ್ಲ ಕಡೆ ಹೋಯಿತು. ವಾಷಿಂಗ್ ಮೆಷಿನ್ನಿನ ಹಿಂದೆ, ಬಾಗಿಲ ಕಾಲೊರಸಿನ ಮೇಲೆ, ಇಸ್ತ್ರಿಗೆಂದು ಗಂಟು ಕಟ್ಟಿಟ್ಟ ಬಟ್ಟೆಯ ಮೇಲೆ. ಒಂದು ಬೆಳಗ್ಗೆ ಗೋಪೀನಾಥ ಲ್ಯಾಬಿಗೆ ಹೊರಡಲು ಶೂ ಹಾಕಿಕೊಂಡಾಗ ಕಾಲುಚೀಲ ಬೆಚ್ಚಗೆ ಒದ್ದೆಯಾಯಿತು. ಇನ್ನೊಮ್ಮೆ ಸೋಫಾದ ಮೇಲೆ ಕೂದಲುಂಡೆಯನ್ನು ಕಕ್ಕಿತ್ತು. ಬೆರಳಿನ ಆಕಾರದ ಆ ಬೂದು ಮುದ್ದೆಯಲ್ಲಿ ಜಿರಲೆಯ ಕಾಲೊಂದು ಇಣುಕುತ್ತಿತ್ತು. ಪ್ರತಿ ಸಲವೂ ಅವನು ಮೂಗಿಗೆ ಮಾಸ್ಕ್ ಕಟ್ಟಿ, ಹಿಂದಿನ ಸಲಕ್ಕಿಂತ ಘಾಟಾದ ದ್ರಾವಣದಿಂದ ನೆಲ ಉಜ್ಜಿದ. ಈಗ ಮನೆಯಲ್ಲಿ ವಾಸನೆಗಳು ಪದರ ಪದರವಾಗಿ ನಿಂತಿದ್ದವು. ಮೇಲೆ ಲ್ಯಾವೆಂಡರ್, ಅದರ ಕೆಳಗೆ ಫಿನೈಲು, ಎಲ್ಲಕ್ಕೂ ಅಡಿಯಲ್ಲಿ ಗಂಟಲ ಹಿಂಭಾಗವನ್ನು ಕೆರೆಯುವ ಅಮೋನಿಯಾ. ಕಾಫಿಯಲ್ಲೂ ಅದೇ, ದಿಂಬಿನಲ್ಲೂ ಅದೇ. ಲ್ಯಾಬಿನಲ್ಲಿ ಪಕ್ಕದವರು ಮಾತಾಡಲು ಹತ್ತಿರ ಬಂದರೆ ಅವನು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ. ತನ್ನ ಮೈಯಿಂದಲೂ ಬರುತ್ತಿದೆಯೋ ಎಂಬ ಅನುಮಾನ.

ಸೀತಾಳ ತಾಳ್ಮೆ ಮುಗಿದದ್ದು ರಂಗೋಲಿಯ ದಿನ. ಯುಟಿಲಿಟಿಯ ಕೆಳಗಿನ ಶೆಲ್ಫಿನಲ್ಲಿ ಒಂದು ಅಗಲವಾದ ಡಬ್ಬದಲ್ಲಿ ರಂಗೋಲಿ ಪುಡಿ ಇರುತ್ತಿತ್ತು. ಶನಿವಾರ ಬೆಳಗ್ಗೆ ಹೊಸಿಲು ಸಾರಿಸಿ, ಕತ್ತಲಲ್ಲಿ ಡಬ್ಬಕ್ಕೆ ಕೈ ಹಾಕಿದ ಸೀತಾ ಕೈಯನ್ನು ಹಾಗೇ ಚಾಚಿಕೊಂಡು ಗಂಡನ ಮುಂದೆ ಬಂದು ನಿಂತಳು. ಬೆರಳ ಸಂದಿಯಲ್ಲಿ ಬಿಳಿ ಪುಡಿ ಹೊರಳಿಸಿದ ಮೆತ್ತನೆಯ ಉಂಡೆ.

"ನೋಡಿ," ಎಂದಳು. "ಬರೀ ಬಾಯಲ್ಲಿ ಹೇಳಿದ್ರೆ ನಿಮಗೆ ಗೊತ್ತಾಗಲ್ಲ, ಚೆನ್ನಾಗಿ ನೋಡಿ. ನಾಳೆ ಸಂಜೆ ಒಳಗೆ ಇದು ಸರಿಹೋಗ್ಬೇಕು. ಇಲ್ದಿದ್ರೆ ಅದನ್ನ ಎಲ್ಲಿಂದ ತಂದ್ರೋ ಅಲ್ಲಿಗೇ ಬಿಟ್ಬಿಡಿ. ನಿಮ್ಮಕ್ಕನ ಮೇಲೆ ನಂಗೇನೂ ಇಲ್ಲ."

ಗೋಡೆಯಾಚೆ, ಕಲಾವತಿ ಹಿಡಿದು ನಡೆಯುವ ವಾಕರ್ ನೆಲಕ್ಕೆ ತಾಗಿದ ಶಬ್ದ ಕೇಳಿತು. ಕಲಾವತಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಆದರೆ ಬಾಗಿಲಿಗೆ ಬಂದು ನಿಂತ ಅವಳ ಮುಖದಲ್ಲಿ ಕೋಪವಿರಲಿಲ್ಲ.

"ಸೀತಾ ಹೇಳೋದು ಸರಿ ಕಣೋ ಗೋಪಿ. ನಾನೇ ಮುನಿಲಕ್ಷ್ಮಮ್ಮಂಗೆ ಫೋನ್ ಮಾಡಿ ಮನೆ ಗುಡಿಸಿಡೋಕೆ ಹೇಳ್ತೀನಿ. ಇಬ್ರೂ ಹೋಗ್ತೀವಿ."

"ಡಾಕ್ಟ್ರು ಏನು ಹೇಳಿದ್ರು ಮರೆತುಹೋಯ್ತಾ? ಬೆಕ್ಕಿಗೋಸ್ಕರ ಯಾರಾದ್ರೂ ಹೀಗೆ ಮಾಡ್ತಾರಾ?"

"ಬೆಕ್ಕಿನ ವಿಷಯ ಅಲ್ಲ." ಅವಳು ನಕ್ಕಳು. "ನೀನು ಮಾಸ್ಕು, ಗ್ಲೌಸು, ಪ್ಲಾಸ್ಟಿಕ್ ಏಪ್ರನ್ನು ಹಾಕ್ಕೊಂಡು ಬೆಕ್ಕಿನ ಹಿಂದೆ ಓಡಾಡೋದು ನೋಡ್ತಾ ಇದೀನಲ್ಲ. ಅರವತ್ತೆಂಟಾಯ್ತು ನಂಗೆ. ನಾಳೆ ನಾನೇ ಹಾಸಿಗೇಲಿ ಮಾಡ್ಕೊಂಡೆ ಅನ್ಕೋ. ಆಗ್ಲೂ ಫಿನೈಲ್ ಹಾಕಿ ತೊಳೀತೀಯಾ?"

ಹಾಗೆಲ್ಲ ಯಾಕೆ ಮಾತಾಡ್ತೀಯಾ ಎಂದು ಗೋಪೀನಾಥ ಗದರಿದ. ಉತ್ತರವಿದ್ದವನು ಗದರುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು, ಅವನಿಗೂ.

ಭಾನುವಾರ ಬೆಳಗ್ಗೆ ಅವನು ಯುಟಿಲಿಟಿಯಲ್ಲಿ ಒಂದು ಸ್ಟೂಲು ಹಾಕಿಕೊಂಡು ಕೂತ. ಬಂದ ಸ್ಯಾಂಪಲ್ ಅರ್ಥವಾಗದಿದ್ದರೆ ಊಹೆ ಮಾಡುವುದನ್ನು ಬಿಟ್ಟು ಇನ್ನೊಮ್ಮೆ ನೋಡುವುದು ಅವನ ವೃತ್ತಿಯ ಅಭ್ಯಾಸ. ಇಷ್ಟು ದಿನ ಅವನು ಬೆಕ್ಕು ಮಾಡಿದ್ದನ್ನು ನೋಡಿದ್ದನೇ ಹೊರತು ಬೆಕ್ಕನ್ನು ನೋಡಿರಲಿಲ್ಲ.

ಹೊಟ್ಟೆ ತುಂಬ ತಿಂದ ಮಾನಿಟ್ರು ಸ್ವಲ್ಪ ಹೊತ್ತಿಗೆ ಬಂತು. ಟ್ರೇಯ ಹತ್ತಿರ ನಿಂತು ಮೂಗು ಚಾಚಿ, ತಕ್ಷಣ ಹಿಂದಕ್ಕೆಳೆದುಕೊಂಡಿತು. ಆದರೂ ಒತ್ತಡ ತಡೆಯಲಾಗದೆ ಒಳಗೆ ಇಳಿಯುವ ಪ್ರಯತ್ನ ಮಾಡಿತು. ಹರಳಿನ ಮೇಲೆ ಕಾಲಿಡಲಿಲ್ಲ. ನಾಲ್ಕೂ ಪಾದಗಳನ್ನು ಟ್ರೇಯ ಸಣ್ಣ ಅಂಚಿನ ಮೇಲೆ ಊರಿ ಸರ್ಕಸ್ಸಿನ ಆನೆಯಂತೆ ನಿಂತಿತು. ಒಂದು ಪಾದ ಜಾರಿ ಒಳಗೆ ಬಿತ್ತು. ಅದು ಥಟ್ಟನೆ ಹೊರಗೆ ಹಾರಿ, ಆ ಪಾದವನ್ನು ಗಾಳಿಯಲ್ಲಿ ಎತ್ತಿ ಒದರಿತು. ಇನ್ನೊಂದನ್ನೂ ಒದರಿತು. ಸಾಲದೆಂದು ಹಿಂಗಾಲುಗಳನ್ನೂ ಒಂದೊಂದಾಗಿ ಒದರಿ, ಹಿಮ್ಮುಖವಾಗಿ ನಡೆದು ದೂರ ಹೋಯಿತು.

ಗೋಪೀನಾಥ ಸ್ಟೂಲಿನ ಮೇಲೆ ನೆಟ್ಟಗಾದ. ಒದರಿದ ರೀತಿ ಅವನಿಗೆ ಪರಿಚಿತವಾಗಿತ್ತು. ಅಂಚಿನ ಮೇಲೆ ನಿಂತ ರೀತಿಯೂ. ಇದು ಕೊಳಕು ಪ್ರಾಣಿ, ಆದ್ದರಿಂದ ಮನೆ ಹೊಲಸು ಮಾಡುತ್ತಿದೆ ಎಂದು ಅವನು ತೀರ್ಮಾನಿಸಿದ್ದ. ಆದರೆ ನಿಜವಾಗಿ ಹೇಸುತ್ತಿದ್ದದ್ದು ಬೆಕ್ಕು. ಅವನ ಫಿನೈಲಿಗೆ, ಅವನ ಲ್ಯಾವೆಂಡರಿಗೆ, ಅವನು ತೊಳೆದಷ್ಟೂ ಅಪರಿಚಿತವಾಗುತ್ತಿದ್ದ ಆ ನೀಲಿ ಟ್ರೇಗೆ. ಹೇಸಿಕೊಂಡು ಹೇಸಿಕೊಂಡು ಅದು ಕೊನೆಗೆ ಆರಿಸಿಕೊಂಡದ್ದು ರಂಗೋಲಿ ಪುಡಿಯನ್ನು. ಒಣಗಿದ್ದು, ತರಿತರಿಯಾದದ್ದು, ಯಾವ ವಾಸನೆಯೂ ಇಲ್ಲದ ಕಲ್ಲಿನ ಪುಡಿ. ಅಂದರೆ ಹೆಚ್ಚುಕಡಿಮೆ ಮರಳು.

ಅವನು ಕೋಣೆಗೆ ಹೋಗಿ ಕೇಳಿದ. "ಅಕ್ಕ, ಮೂಡಲಪಾಳ್ಯದಲ್ಲಿದ್ದಾಗ ಇದು ಎಲ್ಲಿಗೆ ಹೋಗ್ತಿತ್ತು?"

"ಮುನಿಲಕ್ಷ್ಮಮ್ಮನ ಮನೆ ಮುಂದಿನ ಮರಳು ಗುಡ್ಡೆಗೆ. ಯಾಕೆ?"

ಅವನು ಸ್ಕೂಟರಿನಲ್ಲಿ ಬಕೆಟ್ಟು ಸಿಕ್ಕಿಸಿಕೊಂಡು ಮೂಡಲಪಾಳ್ಯಕ್ಕೆ ಹೊರಟ.

ಮುನಿಲಕ್ಷ್ಮಮ್ಮನ ಕುಟುಂಬದವರು ಹಳ್ಳಿ ಕಾಲದಿಂದ ಅಲ್ಲಿದ್ದವರು. ರಾಗಿ ಬೆಳೆಯುತ್ತಿದ್ದ ಜಮೀನಿನಲ್ಲಿ ಈಗ ಬಾಡಿಗೆ ಮನೆಗಳನ್ನು ಮಹಡಿಯ ಮೇಲೆ ಮಹಡಿಯಾಗಿ ಕಟ್ಟುತ್ತಿದ್ದರು. ಹಾಗಾಗಿ ಮನೆಯ ಮುಂದೆ ಮರಳಿನ ಗುಡ್ಡೆ ಎಂದೂ ಖಾಲಿಯಾಗುತ್ತಿರಲಿಲ್ಲ. ಗೋಪೀನಾಥ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಮರಳು ಕೆದಕುವುದನ್ನು ಅವಳು ಕಾಂಪೌಂಡಿನಿಂದಲೇ ನೋಡಿದಳು.

"ಏನ್ ಸಾರ್, ಮೇಡಮ್ಮು ಹೆಂಗವ್ರೆ? ಮರಳು ಬೇಕಿತ್ತಾ? ಆ ಮೂಲೆ ಬ್ಯಾಡಿ, ಅಲ್ಲೇ ಬೆಕ್ಕು ಹೇಲ್ತಿದ್ದಿದ್ದು. ಈ ಕಡೆ ಬನ್ನಿ, ಹೊಸ ಲೋಡು ಐತೆ."

"ಇಲ್ಲಮ್ಮ, ಈ ಮೂಲೆದೇ ಬೇಕು."

"ಯಾಕೆ ಸಾರ್, ಯಾರಾದ್ರೂ ಶಾಸ್ತ್ರದೋರು ಹೇಳುದ್ರಾ?"

ಅವನು ವಿಷಯ ಹೇಳಿದ. ಮುನಿಲಕ್ಷ್ಮಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು.

"ತಗಳಿ ಸಾರ್, ಎಷ್ಟು ಬೇಕಾದ್ರೂ ತಗಳಿ. ನಮ್ ಮೂರ್ನೇ ಫ್ಲೋರು ಪ್ಲಾಸ್ಟರ್ ಆಗಿರೋದೂ ಇದರಲ್ಲೇಯ. ಮಳೆ ಬಂದ್ರೆ ಗೋಡೆ ಗಮ್ ಅಂತದೆ. ಬಾಡಿಗೆಯೋರು ಡ್ರೈನೇಜ್ ವಾಸ್ನೆ ಅಂತಾರೆ, ನಾನೂ ಹೂಂ ಅಂತೀನಿ."

ಗೋಪೀನಾಥ ತಲೆಯೆತ್ತಿ ಮೂರನೇ ಮಹಡಿ ನೋಡಿದ. ಯಾರೋ ಅಲ್ಲಿ ಕಿಟಕಿಯ ಪಕ್ಕ ಕೂತು ತಿಂಡಿ ತಿನ್ನುತ್ತಿದ್ದರು. ಅವನು ಮತ್ತೆ ತಲೆ ತಗ್ಗಿಸಿದ. ಮೇಲಿನ ಮರಳು ಒಣಗಿತ್ತು. ಕೆದಕಿದಂತೆ ಸುಣ್ಣದ ಬಣ್ಣಕ್ಕೆ ತಿರುಗಿದ ಹಳೆಯ ಹಿಕ್ಕೆಗಳು, ಅವುಗಳಿಗೆ ಅಂಟಿದ ಕೂದಲು, ತಳದಲ್ಲಿ ಮೂತ್ರ ಇಂಗಿ ಗಟ್ಟಿಯಾದ ಹೆಂಟೆಗಳು. ಒಂದನ್ನು ಎತ್ತಿದಾಗ ಅದರಡಿಯಿಂದ ಕೆಂಪಿರುವೆಗಳು ಚೆದುರಿದವು. ವಾಸನೆ ತಡೆಯಲು ಬಾಯಲ್ಲಿ ಉಸಿರಾಡಿದ. ಬಾಯಲ್ಲಿ ಉಸಿರಾಡಿದರೆ ಅದೇ ಕಣಗಳು ನಾಲಿಗೆಯ ಮೇಲೆ ಕೂರುತ್ತವೆ ಎಂದು ನೆನಪಾಗಿ ಬಾಯಿ ಮುಚ್ಚಿದ. ಒಣ ಮರಳನ್ನು ತುಂಬಿಕೊಂಡು, ಅದರ ಮೇಲೆ ಎರಡು ಹೆಂಟೆಗಳನ್ನು ಜೋಪಾನವಾಗಿ ಇಟ್ಟುಕೊಂಡ. ದಾರಿಯುದ್ದಕ್ಕೂ ಸಿಗ್ನಲ್ ಬಿದ್ದಲ್ಲೆಲ್ಲ ಕಾಲುಗಳ ನಡುವಿನ ಬಕೆಟ್ಟಿನಿಂದ ಮೇಲೇಳುವ ಗಾಳಿ ಹೆಲ್ಮೆಟ್ಟಿನೊಳಗೆ ನುಗ್ಗಿ ಅಲ್ಲೇ ನಿಲ್ಲುತ್ತಿತ್ತು.

ಮನೆಯಲ್ಲಿ ಟ್ರೇಯನ್ನು ಬರೀ ನೀರಿನಲ್ಲಿ ತೊಳೆದ. ಮರಳು ಸುರಿದು, ಹೆಂಟೆಗಳನ್ನು ಪುಡಿ ಮಾಡಿ ಮೇಲೆ ಉದುರಿಸಿದ. ಕೈಗವಸು ಹಾಕಿದ್ದರೂ ಬೆರಳ ತುದಿಗೆ ಅದರ ತಂಪು ತಿಳಿಯಿತು. ಆಮೇಲೆ ಅವನಿಗೆ ಅತ್ಯಂತ ಕಷ್ಟದ ಕೆಲಸ ಬಂತು. ಅದೇನೆಂದರೆ, ಯುಟಿಲಿಟಿಯ ನೆಲ ಒರೆಸದೇ ಇರುವುದು. ಫಿನೈಲಿನ ಬಾಟಲಿಯನ್ನು ಕೆಳಗೆ ಒಯ್ದು ವಾಚ್‌ಮನ್ನಿಗೆ ಕೊಟ್ಟು ಬಂದ.

ಸೀತಾ ಬಾಗಿಲಲ್ಲಿ ಮೂಗು ಮುಚ್ಚಿಕೊಂಡು ನಿಂತಳು. "ಇದೇನ್ರೀ, ಕ್ಲೀನ್ ಮಾಡಿ ಅಂದ್ರೆ ಬೀದೀದೆಲ್ಲ ಒಳಗೆ ತಂದಿದೀರಾ?"

"ಸಂಜೆವರೆಗೂ ಟೈಮಿದೆಯಲ್ಲ," ಎಂದ.

ಮಧ್ಯಾಹ್ನ ಕಲಾವತಿ ವಾಕರ್ ಹಿಡಿದು ಬಂದು ನಿಂತಳು. ಬೆಕ್ಕು ಟ್ರೇಯನ್ನು ಒಂದು ಸುತ್ತು ಹಾಕಿತು. ಮೂಗು ಇಳಿಸಿ, ಬಹಳ ಹೊತ್ತು, ಪತ್ರಿಕೆ ಓದುವವರಂತೆ ಆ ಕಡೆಯಿಂದ ಈ ಕಡೆಗೆ ಮೂಸಿತು. ನಾಲ್ಕೂ ಕಾಲು ಒಳಗಿಟ್ಟಿತು. ಕೆದಕಿ, ಗುಳಿ ಮಾಡಿ, ದೂರದಲ್ಲೆಲ್ಲೋ ದೃಷ್ಟಿ ನೆಟ್ಟು ಕೂತಿತು. ಮರಳಿನ ಮೇಲೆ ಬೀಳುವ ಸದ್ದು ಕೇಳಿಸಿತು. ಆಮೇಲೆ ವಾಸನೆ ಬಂತು. ಮೊಟ್ಟೆ, ಹಳೆ ಮೀನು, ಕೊಳೆತ ಈರುಳ್ಳಿ ಮೂರೂ ಸೇರಿದಂಥ, ಇನ್ನೂ ಬಿಸಿಯಾಗಿರುವ ವಾಸನೆ. ಸೀತಾ ಅಡಿಗೆಮನೆಯಿಂದ ಹಾಲಿಗೆ ಹೋದಳು. ಬೆಕ್ಕು ಮರಳು ಮುಚ್ಚಿ ಹೊರಗೆ ಬಂದು, ಯಾವ ಪಾದವನ್ನೂ ಒದರದೆ ನಡೆದುಹೋಯಿತು.

ಅದನ್ನು ಎತ್ತಲು ಸೀತಾ ಗೊಣಗುತ್ತಲೇ ಬೋಂಡಾ ಕರಿಯುವ ಹಳೆಯ ಜಾಲರಿ ಸೌಟನ್ನು ಕೊಟ್ಟಿದ್ದಳು. ಇನ್ನು ಜನ್ಮದಲ್ಲಿ ಬೋಂಡಾ ತಿನ್ನುವುದು ಸಾಧ್ಯವಿಲ್ಲವೆಂದುಕೊಂಡು ಗೋಪೀನಾಥ ಮಂಡಿಯೂರಿದ. ಸೌಟು ಆಡಿಸಿದ. ಮರಳು ಸೋರಿಹೋಗಿ ಉಳಿಯಬೇಕಾದದ್ದು ಉಳಿಯಿತು. ಒದ್ದೆಯಾದ ಮರಳನ್ನು ಪೂರ್ತಿ ತೆಗೆಯುವಂತಿಲ್ಲ, ನಾಳೆಗೆ ಗುರುತಾಗಿ ಸ್ವಲ್ಪ ಬಿಡಬೇಕೆಂದು ಅವನಿಗೆ ಈಗ ತಿಳಿದಿತ್ತು. ಅಷ್ಟನ್ನು ಲೆಕ್ಕ ಹಾಕಿ ಬಿಟ್ಟ. ಘಾಟಿಗೆ ಕಣ್ಣಲ್ಲಿ ನೀರು ತುಂಬಿತು. ಆದರೂ ಏಳದೆ ಇನ್ನೊಂದು ಮೂಲೆಯನ್ನೂ ಸೋಸಿದ.

ಕಲಾವತಿ ವಾಕರಿಗೆ ಒರಗಿ ಅವನ ಬೆನ್ನನ್ನೇ ನೋಡುತ್ತಿದ್ದಳು.

"ಅಭ್ಯಾಸ ಆಗುತ್ತೆ ಅನ್ಸುತ್ತಾ?" ಎಂದು ಕೇಳಿದಳು.

"ಇಲ್ಲ," ಎಂದ, ತಿರುಗದೆ. "ಅಸಹ್ಯ ಆಗುತ್ತೆ. ದಿನಾ ಆಗುತ್ತೆ. ದಿನಾ ಮಾಡ್ತೀನಿ."

ಕಲಾವತಿ, ತರಕಾರಿ ತರಲು ಹೇಳುವಷ್ಟು ಮಾಮೂಲಿಯಾಗಿ ಹೇಳಿದಳು. "ಗೋಪಿ, ಮೂಡಲಪಾಳ್ಯದ ಮನೇದು ಗ್ಯಾಸ್ ಕನೆಕ್ಷನ್ ಸುಮ್ನೆ ಯಾಕಿರ್ಬೇಕು. ನಾಳೆ ಹೋಗಿ ಸರೆಂಡರ್ ಮಾಡ್ಬಿಟ್ಟು ಬರ್ತೀಯಾ?"

ಸೌಟಿನಲ್ಲಿ ಇನ್ನೂ ಹಬೆಯಾಡುತ್ತಿತ್ತು. ಬಾಯಿ ತೆರೆದರೆ ವಾಂತಿಯಾಗುತ್ತದೆಂದು ಖಾತ್ರಿಯಿದ್ದುದರಿಂದ ಗೋಪೀನಾಥ ಉಸಿರು ಬಿಗಿಹಿಡಿದು, ತಲೆಯನ್ನು ಎರಡು ಸಲ ಮೇಲೆ ಕೆಳಗೆ ಆಡಿಸಿದ.