ಪಟ್ಟಿಯಲ್ಲಿ ಇಲ್ಲದ ಜಿಲ್ಲೆ

ಭವಾನಿಗೆ ಬಂದ ಪತ್ರ ಒಂದೇ ಹಾಳೆಯದು. ಅದನ್ನು ಅವಳು ಮಾಳಿಗೆಯ ಮೆಟ್ಟಿಲ ಮೇಲೆ ಕೂತು ನಾಲ್ಕು ಸಲ ಓದಿದಳು. ಐದನೆಯ ಸಲಕ್ಕೆ ರೊಟ್ಟಿ ಬಡಿಯುವ ಸದ್ದು ನಿಂತು, ಅಡಿಗೆಮನೆಯ ಬಾಗಿಲಲ್ಲಿ ಅವ್ವ ಕಳಕಮ್ಮನ ಮುಖ ಕಾಣಿಸಿತು.

"ಏನ್ ಬರದಾರವ್ವ? ಸೀಟ್ ಕೊಟ್ಟಾರೋ ಇಲ್ಲೋ?"

"ಕೊಡಾಕ ಕರದಾರ. ಆದ್ರ ನಮ್ಮ ಜಿಲ್ಲಾನ ಇಲ್ಲಂತ."

"ಜಿಲ್ಲಾ ಇಲ್ಲಂದ್ರ? ಎಲ್ಲಿ ಹೋತು?"

ತೊಂಬತ್ತೆಂಟರ ಜುಲೈ ಅದು. ರಾಯಚೂರು ಜಿಲ್ಲೆಯನ್ನು ಒಡೆದು ಕೊಪ್ಪಳ ಜಿಲ್ಲೆ ಮಾಡಿ ಇನ್ನೂ ವರ್ಷ ತುಂಬಿರಲಿಲ್ಲ. ಭವಾನಿ ಪ್ರವೇಶ ಪರೀಕ್ಷೆ ಬರೆದದ್ದು ಹೈದರಾಬಾದಿನ ಒಂದು ಸರಕಾರಿ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ. ಅಲ್ಲಿಯವರ ಕೈಯಲ್ಲಿದ್ದದ್ದು ಕರ್ನಾಟಕದ ಜಿಲ್ಲೆಗಳ ಹಳೆಯ ಪಟ್ಟಿ. ನೀವು ಬರೆದ ಕೊಪ್ಪಳ ಎಂಬ ಜಿಲ್ಲೆ ಪಟ್ಟಿಯಲ್ಲಿ ಇಲ್ಲ, ಹದಿನಾಲ್ಕನೇ ತಾರೀಖು ಸರಿಯಾದ ದಾಖಲೆಯೊಂದಿಗೆ ಬನ್ನಿ, ಇಲ್ಲವಾದರೆ ಅರ್ಜಿ ರದ್ದು ಎಂದು ಟೈಪು ಮಾಡಿ ಕಳಿಸಿದ್ದರು.

ಆಕೆಗೆ ಉಳಿದಿದ್ದ ಬಾಗಿಲು ಅದೊಂದೇ. ಕರ್ನಾಟಕದ ಸಿಇಟಿ ದಿನ ಜ್ವರದಲ್ಲಿ ಕೂತು ಬರೆದು, ಹೇಳಿಕೊಳ್ಳಲಾಗದ ರ‍್ಯಾಂಕು ತಂದಿದ್ದಳು. ಹೈದರಾಬಾದಿನಲ್ಲಿ ಮಾತ್ರ, ಹೊರರಾಜ್ಯದವರ ಪಟ್ಟಿಯಲ್ಲಿ, ಅವಳ ಹೆಸರು ಮೂರನೆಯದು. ಹೊರಗಿನವರಿಗೆ ಇಲೆಕ್ಟ್ರಾನಿಕ್ಸಿನಲ್ಲಿ ಇಟ್ಟದ್ದು ಮೂರೇ ಸೀಟು. ಅಪ್ಪನ ಅಂಗಡಿಯ ಕೆಟ್ಟ ರೇಡಿಯೋ ಬಿಚ್ಚಿ, ಯಾರಿಗೂ ಹೇಳದೆ ಸರಿಮಾಡಿ ಇಟ್ಟವಳು ಅವಳು. ಅದು ಮತ್ತೆ ಹಾಡಿದಾಗ ಮನೆಯವರೆಲ್ಲ ಅದು ತಾನಾಗಿಯೇ ಸರಿಹೋಯಿತು ಅಂದುಕೊಂಡಿದ್ದರು. ಆಕೆ ತಿದ್ದಿ ಹೇಳಲೂ ಇಲ್ಲ. ಹೇಳುವುದು ಅವಳಿಗೆ ಬರುತ್ತಿರಲಿಲ್ಲ.

ಅರ್ಜಿ ತುಂಬುವಾಗಲೂ ಹೇಳಿರಲಿಲ್ಲ. ಮೊದಲು ಪೆನ್ಸಿಲಿನಲ್ಲಿ ರಾಯಚೂರು ಅಂತಲೇ ಬರೆದಿದ್ದಳು. ಅಪ್ಪ ಅಂದಪ್ಪ ಹಿಂದಿನಿಂದ ಬಗ್ಗಿ ನೋಡಿದ್ದ.

"ಏನವ್ವ ಇದು, ಇನ್ನೂ ರಾಯಚೂರಾ? ಅಳಸು. ಆರು ದಿವ್ಸ ಉಪಾಸ ಕುಂತೀನಿ ಈ ಜಿಲ್ಲಾ ಸಲುವಾಗಿ. ಆ ಊರಾಗೂ ಗೊತ್ತಾಗ್ಲಿ."

ಕುಕನೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ಅಂದಪ್ಪ ಜಿಲ್ಲಾ ಹೋರಾಟದಲ್ಲಿ ಪೊಲೀಸರ ವ್ಯಾನು ಹತ್ತಿದವನು. ಜಿಲ್ಲೆ ಆದ ಮರುದಿನವೇ ಅಂಗಡಿಯ ಬೋರ್ಡಿಗೆ ಹೊಸ ಬಣ್ಣ ಬಳಿಸಿದ್ದ. ಆ ದಿನ ಭವಾನಿ ರಬ್ಬರು ತಿಕ್ಕಿ, ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಕೊಪ್ಪಳ ಎಂದು ಬರೆದಳು.

ಈಗ ಪತ್ರ ನೋಡಿ ಅಂದಪ್ಪನಿಗೆ ಸಿಟ್ಟು ಬಂತೇ ಹೊರತು ಚಿಂತೆ ಬರಲಿಲ್ಲ. "ಸರಕಾರಾನ ಮಾಡಿದ್ದನ್ನ ಇವರು ಇಲ್ಲ ಅಂತಾರೇನು? ನಡಿ, ಕಾಗದ ಮಾಡಿಸೂಣು."

ಮೊದಲ ದಿನ ಯಲಬುರ್ಗಾ. ತಾಲೂಕು ಕಚೇರಿಯ ಗುಮಾಸ್ತ ಪಕ್ಕೀರಪ್ಪ ಅಂದಪ್ಪನ ಜೊತೆಗೇ ಧರಣಿ ಕೂತವನು. ಪತ್ರ ಓದಿ ಹೊಟ್ಟೆ ಹಿಡಿದು ನಕ್ಕ.

"ಅಂದಪ್ಪಣ್ಣ, ನಾವು ರಾಯಚೂರು ಬ್ಯಾಡ ಅಂತ ಒದರಿದ್ವಿ. ಈಗ ನಿಮ್ಮ ಮಗಳಿಗೆ ರಾಯಚೂರು ಬೇಕಂತ!"

"ನಗಬ್ಯಾಡೋ ಮಾರಾಯಾ. ಏನರ ಮಾಡು."

"ಏನ್ ಮಾಡ್ಲಿ? ರಾಯಚೂರು ಅಂತ ಬರದ್ರ ನಾಳಿ ನನ್ನ ಮನಿಗೆ ಕಳಸ್ತಾರ. ಕೊಪ್ಪಳ ಅಂತ ಬೇಕಂದ್ರ ನಾಲ್ಕು ಕಾಪಿ ಕೊಡ್ತೀನಿ, ಒಯ್ರಿ."

ಕೊಪ್ಪಳ ಅಂತ ಬರೆದ ವಾಸದ ಸರ್ಟಿಫಿಕೇಟು ಭವಾನಿಯ ಫೈಲಿನಲ್ಲಿ ಆಗಲೇ ಇತ್ತು. ಮತ್ತೊಂದು ಬಂತು. ಎರಡನೆಯ ದಿನ ಕೊಪ್ಪಳಕ್ಕೆ ಹೋದರು. ಅಲ್ಲಿ ಒಬ್ಬ ಪುಣ್ಯಾತ್ಮ ಹೊಸ ಜಿಲ್ಲೆಯ ಆದೇಶದ ಝೆರಾಕ್ಸು ಹುಡುಕಿ ಕೊಟ್ಟ, ಆದರೆ ಅದು ಕನ್ನಡದಲ್ಲಿತ್ತು. ಮೂರನೆಯ ದಿನ ರಾಯಚೂರು. ಅಲ್ಲಿಯ ಕಿಟಕಿಯಾಚೆಯ ಹೆಣ್ಣುಮಗಳು ಕಾಗದ ಹಿಂದಿರುಗಿಸಿ, "ನೀವು ನಮ್ಮವರಲ್ಲರಿ ಈಗ. ನಿಮ್ಮ ಜಿಲ್ಲಾಕ್ಕ ಹೋಗ್ರಿ" ಅಂದಳು. ಆಕೆಯ ಮಾತಿನಲ್ಲಿ ಕೊಂಕಿರಲಿಲ್ಲ, ಇದ್ದದ್ದನ್ನೇ ಹೇಳಿದ್ದಳು. ಅದಕ್ಕೇ ಭವಾನಿಗೆ ಹೆಚ್ಚು ಉರಿಯಿತು. ಬಯ್ಯಲೂ ಯಾರೂ ಸಿಗದ ಹಾಗಿತ್ತು. ಎಲ್ಲರೂ ಸರಿಯಾಗಿಯೇ ಇದ್ದರು, ಅವಳ ಸೀಟು ಮಾತ್ರ ಹೋಗುತ್ತಿತ್ತು.

ವಾಪಸು ಬರುವ ಬಸ್ಸಿನಲ್ಲಿ ಅಂದಪ್ಪ ಪಕ್ಕದವನಿಗೆ ಇಡೀ ಕಥೆ ಹೇಳಿದ. "ನಮ್ಮಪ್ಪಗ ಹೈದ್ರಾಬಾದ ಅಂದ್ರ ರಾಜಧಾನಿರಿ. ನಿಜಾಮನ ಕಾಲದಾಗ ಕೋರ್ಟು ಕೇಸಿಗೆ ಅಲ್ಲಿಗೇ ಹೊಕ್ಕಿದ್ದ. ಅವನ ಮೊಮ್ಮಗಳು ಈಗ ಅದ ಊರಿಗೆ ಪರದೇಶಿ!" ಪಕ್ಕದವನು ತಲೆಯಾಡಿಸಿದ. ಅಪ್ಪನಿಗೆ ಇದೆಲ್ಲ ಹೇಳುವ ಕಥೆಯಾಗಿತ್ತು. ಭವಾನಿ ಕಿಟಕಿಯ ಕಡೆ ಮುಖ ಮಾಡಿ ಕೂತಳು.

ಹದಿನಾಲ್ಕರ ಬೆಳಿಗ್ಗೆ ಹತ್ತಕ್ಕೆ ಇಬ್ಬರೂ ಹೈದರಾಬಾದಿನ ಆ ದೊಡ್ಡ ಹಾಲಿನಲ್ಲಿದ್ದರು. ಒಂದು ಬದಿಯ ಮೇಜಿನಲ್ಲಿ ಕಾಗದ ನೋಡುತ್ತಿದ್ದರು, ಅಲ್ಲಿ ಪಾಸಾದವರು ಎದುರಿನ ವೇದಿಕೆಗೆ ಹೋಗಿ ತಮಗೆ ಬೇಕಾದ ವಿಭಾಗ ಆರಿಸಿಕೊಳ್ಳಬೇಕು. ಗೋಡೆಯ ಕರಿಹಲಗೆಯಲ್ಲಿ ಉಳಿದ ಸೀಟುಗಳ ಲೆಕ್ಕ. ಮೊದಲಿನ ಇಬ್ಬರೂ ಇಲೆಕ್ಟ್ರಾನಿಕ್ಸ್ ಹಿಡಿದರು. ಹಲಗೆಯ ಮೇಲೆ ಮೂರು ಹೋಗಿ ಒಂದು ಉಳಿಯಿತು. ಭವಾನಿಯ ಹೆಸರು ಕೂಗಿದರು.

ಮೇಜಿನ ಹಿಂದಿದ್ದವನು ದಪ್ಪ ಕನ್ನಡಕದ ತೆಲುಗಿನವನು. ಆದೇಶದ ಝೆರಾಕ್ಸನ್ನು ಮೇಲೆ ಕೆಳಗೆ ನೋಡಿ ಬದಿಗಿಟ್ಟ. ಆಮೇಲೆ ಅವಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಎತ್ತಿದ. ಅದರಲ್ಲಿ ರಾಯಚೂರು ಜಿಲ್ಲೆ ಅಂತ ಅಚ್ಚಾಗಿತ್ತು. ಅವನ ಮುಖ ಅರಳಿತು. ಹಿಂದಿ, ಇಂಗ್ಲಿಷು, ತೆಲುಗು ಮೂರನ್ನೂ ಕಲಸಿ ಹೇಳಿದ: ಇದು ಸಾಕಲ್ಲಮ್ಮ, ಅರ್ಜಿಯಲ್ಲಿ ಕೊಪ್ಪಳ ಹೊಡೆದು ರಾಯಚೂರು ಅಂತ ಬರಿ, ಪಕ್ಕದಲ್ಲಿ ನಿಮ್ಮಪ್ಪ ಸಹಿ ಹಾಕಲಿ, ಮುಗಿಯಿತು.

ಇಷ್ಟೇ! ಮೂರು ದಿನ ಮೂರು ಊರು ಅಲೆದದ್ದು ಇಷ್ಟಕ್ಕೇ. ಭವಾನಿ ಕೊಪ್ಪಳದ ಮೇಲೆ ಒಂದು ಗೆರೆ ಎಳೆದು ರಾಯಚೂರು ಎಂದು ಬರೆದು ಅರ್ಜಿಯನ್ನು ಅಪ್ಪನ ಮುಂದೆ ಸರಿಸಿದಳು.

ಅಂದಪ್ಪ ಆ ಗೆರೆಯನ್ನು ನೋಡುತ್ತ ನಿಂತ.

"ಸಹಿ ಮಾಡ್ರಿ ಅಪ್ಪಾ."

"ಮಾಡ್ತೀನಿ ತಡಿ."

ಬಗ್ಗಿ ಪೆನ್ನು ಊರಿದ. ಬರೆದದ್ದು ಸಹಿಗಿಂತ ಉದ್ದವಾಗಿತ್ತು. ಮೇಜಿನವನು ಕಾಗದ ತಿರುಗಿಸಿಕೊಂಡು ಕನ್ನಡಕ ಏರಿಸಿದ. ಕನ್ನಡದ ಅಕ್ಷರ ತೆಲುಗಿನವನಿಗೆ ಅಷ್ಟೇನೂ ಪರಕೀಯವಲ್ಲ. ಬೆರಳಿಟ್ಟು, ಒಂದನೆಯ ಇಯತ್ತೆಯ ಮಗುವಿನಂತೆ ಕೂಡಿಸಿ ಓದಿದ: "ಅಂ...ದ...ಪ್ಪ. ಕು...ಕ...ನೂ...ರು. ಜಿ...ಲ್ಲಾ..." ಅಲ್ಲಿ ನಿಂತು ತಲೆಯೆತ್ತಿದ. "ಕೊಪ್ಪಳ!"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೇಜಿನವನಿಗೂ ನಗು ಬಂದಿತ್ತು, ಆದರೆ ಪಕ್ಕದಲ್ಲಿದ್ದ ಮೇಲಧಿಕಾರಿ ಅರ್ಜಿ ಎಳೆದುಕೊಂಡು ನೋಡಿದ. ಒಂದೇ ಅರ್ಜಿಯಲ್ಲಿ ಎರಡು ಜಿಲ್ಲೆ. ಇದು ನಡೆಯುವುದಿಲ್ಲ, ಆಚೆಯ ಕಟ್ಟಡದಿಂದ ಹೊಸ ಅರ್ಜಿ ತಂದು ತುಂಬಿ ಅಂದ. ಹಾಗೆಂದು ಮುಂದಿನ ಹೆಸರು ಕೂಗಲು ಸನ್ನೆ ಮಾಡಿದ.

"ಕೈಗೆ ರೂಢಿ ಆಗೇತವ್ವ," ಅಂದಪ್ಪ ಹಣೆ ಒರೆಸಿಕೊಂಡ. "ತಡಿ, ನಾ ಇವರಿಗೆ ಹೇಳ್ತೀನಿ. ಏನ್ರೀ ಸಾಹೇಬ್ರ, ನಮ್ಮ ಜಿಲ್ಲಾ ಅಂದ್ರ ಹಂಗ ಆದದ್ದಲ್ರಿ ಅದು. ಎಷ್ಟ್ ಮಂದಿ ಉಪಾಸ ಕುಂತು..."

"ನೀ ಹೊರಗ ಹೋಗಿ ಕುಂದ್ರು, ಅಪ್ಪಾ."

ಅಂದಪ್ಪ ಗಕ್ಕನೆ ನಿಂತ. ಹುಟ್ಟಿ ಹದಿನೆಂಟು ವರ್ಷದಲ್ಲಿ ಮಗಳು ಅವನಿಗೆ "ರಿ" ಬಿಟ್ಟು ಮಾತಾಡಿದ್ದು ಇದೇ ಮೊದಲು. ಅವಳ ದನಿ ಹಾಲಿನ ಅರ್ಧದವರೆಗೆ ಕೇಳಿತ್ತು. ಅವನು ಚೀಲ ಎತ್ತಿಕೊಂಡು ಬಾಗಿಲ ಕಡೆ ನಡೆದ.

ಭವಾನಿ ಓಡಿದಳು. ಆಚೆಯ ಕಟ್ಟಡದ ಮೊದಲ ಮಾಳಿಗೆ, ಅಲ್ಲಿ ಒಂದು ಸಾಲು. ಸಾಲಿನ ಮುಂದಿದ್ದ ಹುಡುಗನನ್ನು, ತನಗೆ ಬರುವಷ್ಟು ಹಿಂದಿಯಲ್ಲಿ, "ಭೈಯಾ, ಮೇರಾ ನಾಮ್ ಪುಕಾರಾ, ಮುಝೆ ಛೋಡೋ" ಎಂದು ದಾರಿ ಬಿಡಲು ಕೇಳಿಕೊಂಡಳು. ಅವನು ಸರಿದ. ಕಿಟಕಿಯ ಕಟ್ಟೆಯ ಮೇಲೇ ಅರ್ಜಿ ಇಟ್ಟು, ಹೆಸರು, ಊರು, ರಾಯಚೂರು ಜಿಲ್ಲೆ, ಅಂಕ ಎಲ್ಲ ತುಂಬಿದಳು. ಹದಿನೆಂಟು ತುಂಬಿದವರು ತಾವೇ ಸಹಿ ಹಾಕಬಹುದು ಅಂತ ಕೆಳಗೆ ಸಣ್ಣಕ್ಷರದಲ್ಲಿ ಇತ್ತು. ಅವಳಿಗೆ ಹದಿನೆಂಟು ತುಂಬಿ ತಿಂಗಳ ಮೇಲಾಗಿತ್ತು. ಮೊದಲ ಅರ್ಜಿಯ ತಿದ್ದುಪಡಿಗೂ ತಾನೇ ಸಹಿ ಹಾಕಬಹುದಿತ್ತೆಂದು ಹೊಳೆದಾಗ ಹಲ್ಲು ಕಚ್ಚಿ ಸಹಿ ಹಾಕಿದಳು.

ವಾಪಸು ಬಂದಾಗ ಮೇಜಿನವನು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಮುದ್ರೆ ಒತ್ತಿ ವೇದಿಕೆಯ ಕಡೆ ಕೈ ತೋರಿಸಿದ. ಅವಳು ಕರಿಹಲಗೆ ನೋಡಿದಳು. ಇಲೆಕ್ಟ್ರಾನಿಕ್ಸಿನ ಮುಂದೆ ಸೊನ್ನೆ ಇತ್ತು. ಅದನ್ನು ಹಿಡಿದ ನಾಲ್ಕನೆಯ ಹುಡುಗ ಒರಿಸ್ಸಾದವನಂತೆ, ಅವರಪ್ಪ ಅಲ್ಲೇ ಎಲ್ಲರಿಗೂ ಪೇಡೆ ಹಂಚುತ್ತಿದ್ದ. ಅವಳ ಕೈಗೂ ಒಂದು ಇಟ್ಟ. ಬೇಡ ಅನ್ನಲು ಆಗದೆ ಹಿಡಿದುಕೊಂಡೇ ವೇದಿಕೆ ಹತ್ತಿದಳು. ಉಳಿದದ್ದು ಸಿವಿಲ್ ಮತ್ತು ಮೆಟಲರ್ಜಿ. ಸಿವಿಲ್ಲಿಗೆ ಹಾಸ್ಟೆಲ್ ಇಲ್ಲ ಅಂದರು. ಕೂತವರು ಮೂರು ಸಲ ಕೇಳಿದ ಮೇಲೆ ಅವಳು "ಮೆಟಲರ್ಜಿ" ಅಂದಳು.

ಅಂದಪ್ಪ ಹೊರಗೆ ಬೇವಿನ ಗಿಡದ ಕಟ್ಟೆಯ ಮೇಲೆ ಕೂತಿದ್ದ. ಅವಳನ್ನು ಕಂಡು ಎದ್ದ.

"ಸಿಕ್ತೇನವ್ವ?"

"ಸಿಕ್ತು."

"ಭಾಳ ಛಲೋ ಆತು! ನಾ ಅಂದಿದ್ನಲ್ಲ. ಅದ ಇಲೆಕ್ಟ್ರಾನಿಕ್ಸ್ ಹೌದಲ್ಲ?"

"ಮೆಟಲರ್ಜಿ."

"ಅಂದ್ರ?"

"ಕಬ್ಬಿಣ, ತಾಮ್ರ ಕರಗಸೋದು ಕಲಸ್ತಾರ."

ಅಂದಪ್ಪ ವಾತಾವರಣ ತಿಳಿ ಮಾಡಲು ನಗು ತಂದುಕೊಂಡ. "ಕಮ್ಮಾರಿಕಿ ಕಲಿಯಾಕ ಹೈದ್ರಾಬಾದ ತನಕ ಬರಬೇಕಿತ್ತೇನವ್ವ? ನಮ್ಮ ಓಣಿಯಾಗ..."

ಭವಾನಿ ಕೈಯಲ್ಲಿದ್ದ ಪೇಡೆಯನ್ನು ಕಟ್ಟೆಯ ಮೇಲಿಟ್ಟು, ಬೆರಳಿಗಂಟಿದ ಜಿಗುಟನ್ನು ಸೆರಗಿಗೆ ಒರೆಸಿಕೊಂಡಳು. ಅವಳು ಕೇಳಬೇಕೆಂದುಕೊಂಡದ್ದು ಮಾಳಿಗೆ ಹತ್ತುವಾಗ, ಇಳಿಯುವಾಗ, ಅಷ್ಟು ಹೊತ್ತೂ ನಾಲಿಗೆಯ ತುದಿಯಲ್ಲೇ ಇತ್ತು. ಸಹಿ ಹಾಕುವಾಗ ಅಪ್ಪನ ಪೆನ್ನು ರೂಢಿಯ ವೇಗದಲ್ಲಿ ಓಡಿರಲಿಲ್ಲ. ಕೊನೆಯ ಮೂರು ಅಕ್ಷರಕ್ಕೆ ಬಂದಾಗ ನಿಧಾನವಾಗಿತ್ತು, ಕಾಗದಕ್ಕೆ ಒತ್ತಿಯೂ ಇತ್ತು. ಅದನ್ನು ಅವಳು ಕಣ್ಣಾರೆ ಕಂಡಿದ್ದಳು.

"ಅಪ್ಪಾ, ಕೊಪ್ಪಳ ಅಂತ ಬರದದ್ದು ಮರತು ಬರದದ್ದೋ, ಬೇಕಂತ ಬರದದ್ದೋ?"

ಎಷ್ಟೋ ಸಭೆಗಳಲ್ಲಿ ಮೈಕು ಹಿಡಿದ ಮನುಷ್ಯ ಕಟ್ಟೆಯ ಮೇಲಿನ ಇರುವೆಗಳನ್ನು ನೋಡುತ್ತ ನಿಂತ.

"ನನಗೂ ಗೊತ್ತಾಗವಲ್ದವ್ವ," ಅಂದ ಕಡೆಗೆ. "ಆ ಗೆರಿ ನೋಡಿ ಒಂಥರಾ ಆತು. ನಾ ತಪ್ಪು ಮಾಡಿದ್ನೇನು?"

ಇಂಥ ಹೊತ್ತಿನಲ್ಲಿ ಮನೆಯಲ್ಲಿ ಯಾರಾದರೂ "ಇಲ್ಲ ಬಿಡ್ರಿ" ಅನ್ನುವುದು ಪದ್ಧತಿ. ಕಳಕಮ್ಮ ಅಂದಿರುತ್ತಿದ್ದಳು. ಅವನು ಅದಕ್ಕಾಗಿಯೇ ಕಾದ.

"ಹೌದು," ಅಂದಳು ಭವಾನಿ.

ಆಮೇಲೆ ಫೀಸು ಕಟ್ಟುವ ಚೀಟಿಯನ್ನು ಅವನ ಕೈಗೆ ಕೊಟ್ಟು, ಮೆಟಲರ್ಜಿ ಅಂದರೆ ಯಾವ ಕಟ್ಟಡ ಎಂದು ಗೇಟಿನವನನ್ನು ಕೇಳಲು ಒಬ್ಬಳೇ ಹೊರಟಳು.